‘ಮುಂದಿನ ಟೋಲ್ಕಿನ್’ ಬೇಡ, ಈ ಪುಸ್ತಕ ಏನು ಹೇಳಿ

ಫ್ಯಾಂಟಸಿ, ಅಂದರೆ ಮಾಂತ್ರಿಕ ಲೋಕದ ಕಾದಂಬರಿ ಓದುವವರು ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಥೆಯ ಬಗ್ಗೆ ಇರಲಿಲ್ಲ, ಪುಸ್ತಕ ಮಾರುವ ರೀತಿಯ ಬಗ್ಗೆ ಇದ್ದವು. ಸಿಟ್ಟೂ ಇತ್ತು. ಆ ಸಿಟ್ಟು ನನಗೂ ಇದೆ, ಅದಕ್ಕೇ ಅವನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮುಖಪುಟದ ಮೇಲೆ ‘ಮುಂದಿನ ಟೋಲ್ಕಿನ್’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. 800 ರೂಪಾಯಿ ಕೊಟ್ಟು ತಂದೆ. ನೂರು ಪುಟ ದಾಟಲು ಆಗಲಿಲ್ಲ. ತಪ್ಪು ನನ್ನದಾ, ಪುಸ್ತಕದ್ದಾ?
– ಶಿವಮೊಗ್ಗದ ಓದುಗರು

ಉತ್ತರ: ಇಬ್ಬರದ್ದೂ ಅಲ್ಲ. ತಪ್ಪು ಆ ಎರಡು ಪದಗಳದ್ದು. ಪುಸ್ತಕ ಚೆನ್ನಾಗಿಯೇ ಇರಬಹುದು, ಆದರೆ ನೀವು ಪ್ರತಿ ಪುಟದಲ್ಲೂ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರನ್ನು ಹುಡುಕುತ್ತಾ ಕೂತಿರಿ. ಹಾಗೆ ಹುಡುಕಲು ಹಚ್ಚಿದವರು ಪ್ರಕಾಶಕರು. ಪಾಪ, ಆ ಲೇಖಕರನ್ನು ಯಾರೂ ಓದಲೇ ಇಲ್ಲ.

ಟೋಲ್ಕಿನ್ ಅವರಿಗೂ ಇದೇ ಆಗಿತ್ತು. 1954ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೊದಲ ಸಂಪುಟ ಬಂದಾಗ ಅದನ್ನು ಹೊಗಳಿ ಮೂವರು ಲೇಖಕರು ಬರೆದಿದ್ದರು. ಸಿ. ಎಸ್. ಲೂಯಿಸ್ ಇಟಲಿಯ ಹಳೆಯ ಕವಿ ಅರಿಯೋಸ್ಟೋ ಹೆಸರು ತಂದರು, ನವೋಮಿ ಮಿಚಿಸನ್ ಇಂಗ್ಲಿಷಿನ ಹಳೆಯ ಕಥೆಗಾರ ಮ್ಯಾಲರಿ ಹೆಸರು ತಂದರು, ರಿಚರ್ಡ್ ಹ್ಯೂಸ್ ಅಲ್ಲಿನದೇ ಹಳೆಯ ಕವಿ ಸ್ಪೆನ್ಸರ್ ಹೆಸರು ತಂದರು. ಕೆಲವು ವಿಮರ್ಶಕರು ಪುಸ್ತಕ ಬಿಟ್ಟು ಆ ಹೊಗಳಿಕೆಯ ಮೇಲೇ ಹರಿಹಾಯ್ದರು. ಆದರೂ ಆಗ ಹೋಲಿಕೆಗೆ ಒಂದು ಕಾರಣವಿತ್ತು. ಅಂಥ ಪುಸ್ತಕಕ್ಕೆ ಅಂಗಡಿಯಲ್ಲಿ ಕಪಾಟೇ ಇರಲಿಲ್ಲ, ಇದು ಎಂಥ ಕಥೆ ಎಂದು ಕೊಳ್ಳುವವರಿಗೆ ಹೇಗಾದರೂ ಹೇಳಬೇಕಿತ್ತು.

ಪರಿಸ್ಥಿತಿ ಬದಲಾದದ್ದು 1977ರಲ್ಲಿ ಎಂದು ನನ್ನ ಲೆಕ್ಕ. ಆ ವರ್ಷ ಅಮೆರಿಕದಲ್ಲಿ ಟೆರಿ ಬ್ರೂಕ್ಸ್ ಬರೆದ ‘ದಿ ಸೋರ್ಡ್ ಆಫ್ ಶನಾರಾ’ ಬಂತು. ಇದು ಟೋಲ್ಕಿನ್ ಕಥೆಯ ಅಚ್ಚು ಎಂದು ಬಹಳ ಜನ ಬೈದರು. ಬೈದರೂ ಅದು ನ್ಯೂಯಾರ್ಕ್ ಟೈಮ್ಸ್‌ನ ಬೆಸ್ಟ್‌ಸೆಲ್ಲರ್ ಪಟ್ಟಿಗೆ ಏರಿತು. ಟೋಲ್ಕಿನ್ ಓದಿ ಮುಗಿಸಿದವರಿಗೆ ಅಂಥದ್ದೇ ಇನ್ನೊಂದು ಬೇಕು ಅನ್ನುವುದು ಪ್ರಕಾಶಕರಿಗೆ ಖಾತ್ರಿಯಾಯಿತು. ಅಲ್ಲಿಂದ ಇವತ್ತಿನವರೆಗೆ ಎಷ್ಟು ‘ಮುಂದಿನ ಟೋಲ್ಕಿನ್’ಗಳು ಬಂದಿದ್ದಾರೋ! ಈಗ ಟೋಲ್ಕಿನ್ ಜಾಗದಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಹೆಸರು ಕೂತಿದೆ, ಅಷ್ಟೇ ವ್ಯತ್ಯಾಸ.

ನಾನು ಅಂಗಡಿಯಲ್ಲಿ ಮಾಡುವುದು ಇಷ್ಟು. ಬೆನ್ನುಡಿಯಲ್ಲಿ ಬೇರೆ ಪುಸ್ತಕದ ಹೆಸರು, ಬೇರೆ ಲೇಖಕರ ಹೆಸರು ಬಂದ ಕಡೆಯೆಲ್ಲ ಬೆರಳು ಇಟ್ಟು ಮುಚ್ಚುತ್ತೇನೆ. ‘ಅದ್ಭುತ’, ‘ಕೆಳಗಿಡಲಾಗದ’ ಎಂಬ ಮಾತುಗಳನ್ನೂ ಮುಚ್ಚುತ್ತೇನೆ. ಉಳಿದ ಸಾಲುಗಳಲ್ಲಿ ಒಂದು ಊರು, ಒಬ್ಬ ಮನುಷ್ಯ, ಅವನಿಗೊಂದು ತೊಂದರೆ ಕಂಡರೆ ಒಳಗೆ ಹತ್ತು ಪುಟ ಓದುತ್ತೇನೆ. ಏನೂ ಉಳಿಯದಿದ್ದರೆ ವಾಪಸ್ ಕಪಾಟಿಗೆ. ನೀವೂ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಲೇಖಕರು ಒಬ್ಬರನ್ನೊಬ್ಬರು ಹೊಗಳುವ ಈ ಸಾಲುಗಳ ಬಗ್ಗೆ ಪ್ರಕಾಶಕರಿಗೇ ಬೇಸರ ಬಂದಿದೆ. ಹೊಗಳಿಕೆ ಸಂಗ್ರಹಿಸಿ ತರಬೇಕೆಂದು ತನ್ನ ಲೇಖಕರನ್ನು ಇನ್ನು ಕೇಳುವುದಿಲ್ಲ ಎಂದು ಸೈಮನ್ ಅಂಡ್ ಶುಸ್ಟರ್ 2025ರ ಶುರುವಿನಲ್ಲಿ ಹೇಳಿತು. ಬಹಳ ಒಳ್ಳೆಯ ಕೆಲಸ.

ಪ್ರಚಾರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅಮೀಶ್ ಅವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’ 2010ರಲ್ಲಿ ಬಂದಾಗ ಮೊದಲ ಅಧ್ಯಾಯವನ್ನು ಸಣ್ಣ ಪುಸ್ತಿಕೆ ಮಾಡಿ ಅಂಗಡಿಗಳಲ್ಲಿ ಪುಕ್ಕಟೆ ಕೊಡಿಸಿದರು. ಆ ಕಾದಂಬರಿಯ ಭಾಷೆ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಮಾರಿದ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ಮಾವಿನಹಣ್ಣಿನವನು ಒಂದು ಹೋಳು ಕೊಯ್ದು ಕೊಟ್ಟ ಹಾಗೆ. ರುಚಿ ನೋಡಿ, ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ.

ಪ್ರಶ್ನೆ: ನಾನು ಚಿತ್ರಕಲೆ ಕಲಿಯುತ್ತಿದ್ದೇನೆ. ಫ್ಯಾಂಟಸಿ ಪುಸ್ತಕಗಳ ಮುಖಪುಟ ನೋಡಿಯೇ ಕೊಳ್ಳುತ್ತೇನೆ. ಆದರೆ ಚಿತ್ರದಲ್ಲಿ ಇರುವುದು ಕಥೆಯಲ್ಲಿ ಇರುವುದೇ ಇಲ್ಲ. ಯಾಕೆ ಹೀಗೆ?
– ಹುಬ್ಬಳ್ಳಿಯ ವಿದ್ಯಾರ್ಥಿನಿ

ಉತ್ತರ: ಎಷ್ಟೋ ಸಲ ಚಿತ್ರ ಬರೆಯುವವರ ಕೈಗೆ ಪುಸ್ತಕವೇ ಸಿಕ್ಕಿರುವುದಿಲ್ಲ. 1965ರಲ್ಲಿ ಅಮೆರಿಕದ ಬ್ಯಾಲಂಟೈನ್ ಸಂಸ್ಥೆ ಟೋಲ್ಕಿನ್ ಅವರ ‘ದಿ ಹಾಬಿಟ್’ ಪೇಪರ್‌ಬ್ಯಾಕ್ ತಂದಾಗ ಕಲಾವಿದೆ ಬಾರ್ಬರಾ ರೆಮಿಂಗ್ಟನ್ ಅವರಿಗೆ ಅದನ್ನು ಓದುವಷ್ಟು ಸಮಯವೂ ಸಿಗಲಿಲ್ಲ. ಅವರು ಬೆಟ್ಟ ಬರೆದರು, ಮರ ಬರೆದರು, ಜೊತೆಗೆ ಒಂದು ಸಿಂಹ ಮತ್ತು ಎಮು ಹಕ್ಕಿಗಳನ್ನೂ ಬರೆದರು. ಈ ಕಥೆಗೂ ಎಮುಗಳಿಗೂ ಏನು ಸಂಬಂಧ ಎಂದು ಟೋಲ್ಕಿನ್ ತಲೆ ಕೆಡಿಸಿಕೊಂಡರು. ಮುಂದಿನ ಮುದ್ರಣಗಳಲ್ಲಿ ಸಿಂಹ ಮಾಯವಾಯಿತು. ಆ ಕಲಾವಿದೆಯ ಮೇಲೆ ನನಗೆ ಕೋಪವಿಲ್ಲ. ಓದಲು ಒಂದು ವಾರ ಕೊಟ್ಟಿದ್ದರೆ ಚಿತ್ರವೇ ಬೇರೆ ಇರುತ್ತಿತ್ತು.

ಇದು ಅವಸರದ ತಪ್ಪು. ಇನ್ನೊಂದು ಬಗೆಯದ್ದಿದೆ, ಅದು ನನಗೆ ನಿಜವಾಗಿ ನೋವು ಕೊಡುತ್ತದೆ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಬರೆದರು. ಅದರ ನಾಯಕ ಗೆಡ್‌ನ ಮೈಬಣ್ಣ ತಾಮ್ರದ ಕಂದು. ಅವನ ಆಪ್ತ ಸ್ನೇಹಿತ ಇನ್ನೂ ಕಪ್ಪು. ಕಥೆ ನಡೆಯುವ ದ್ವೀಪಗಳ ಜನರಲ್ಲಿ ಹೆಚ್ಚಿನವರು ನಮ್ಮ ಹಾಗೇ ಇದ್ದಾರೆ, ಬಿಳಿ ಚರ್ಮದವರು ದಂಡೆತ್ತಿ ಬರುವ ಹೊರಗಿನವರು. ಲೆ ಗ್ವಿನ್ ಇದನ್ನು ಬೇಕೆಂದೇ ಬರೆದದ್ದು. ಆದರೆ ಎಷ್ಟೋ ವರ್ಷ ಮುಖಪುಟಗಳಲ್ಲಿ ಗೆಡ್ ಬಿಳಿಯನಾಗಿಯೇ ಕಾಣಿಸಿಕೊಂಡ. ಕಪ್ಪು ಮುಖ ಹಾಕಿದರೆ ಪುಸ್ತಕ ಹೋಗುವುದಿಲ್ಲ ಎಂಬ ಭಯ ಮಾರುವವರಿಗೆ. 2004ರಲ್ಲಿ ಟಿವಿಗೆ ಬಂದಾಗಲೂ ಅವನಿಗೆ ಬಿಳಿ ನಟನೇ, ಆಗ ಲೆ ಗ್ವಿನ್ ಬಹಿರಂಗವಾಗಿ ಬರೆದು ಪ್ರತಿಭಟಿಸಿದರು. 2018ರಲ್ಲಿ ಎಲ್ಲ ಕಥೆಗಳೂ ಸೇರಿದ ದೊಡ್ಡ ಪುಸ್ತಕ ಬಂತು. ಅದಕ್ಕೆ ಚಿತ್ರ ಬರೆದ ಚಾರ್ಲ್ಸ್ ವೆಸ್ ಲೇಖಕಿಯ ಜೊತೆಗೇ ಕೂತು ಚರ್ಚಿಸಿ ಕೆಲಸ ಮಾಡಿದರು. ಸಿಕ್ಕರೆ ನೋಡಿ, ನಿಮ್ಮ ಓದಿಗೂ ಉಪಯೋಗ.

ನಾಳೆ ನೀವೇ ಮುಖಪುಟ ಬರೆಯುವ ಕಾಲ ಬಂದರೆ, ಪೂರ್ತಿ ಹಸ್ತಪ್ರತಿ ಕೊಡಿ ಎಂದು ಕೇಳಿ. ಸಾರಾಂಶ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಮಗಳಿಗೆ 13 ವರ್ಷ. ಗುಲಾಬಿ ಬಣ್ಣದ ಚಂದದ ಮುಖಪುಟ, ಪುಟಗಳ ಅಂಚಿಗೂ ಬಣ್ಣ ಬಳಿದ ಡ್ರ್ಯಾಗನ್ ಕಥೆಗಳನ್ನು ಮೊಬೈಲಿನಲ್ಲಿ ನೋಡಿ ಬೇಕು ಅನ್ನುತ್ತಾಳೆ. ಕೊಡಿಸಬಹುದಾ?
– ಮೈಸೂರಿನ ತಾಯಿ

ಉತ್ತರ: ಅಮ್ಮ, ಕೊಡಿಸುವ ಮುಂಚೆ ನೀವು ಒಮ್ಮೆ ನಡುವಿನ ಪುಟಗಳನ್ನು ತಿರುವಿ ನೋಡಿ. ಈ ಬಗೆಗೆ ಈಗ ‘ರೊಮ್ಯಾಂಟಸಿ’ ಎಂಬ ಹೆಸರು ಬಿದ್ದಿದೆ, ಪ್ರೇಮಕಥೆ ಮತ್ತು ಮಾಂತ್ರಿಕ ಲೋಕ ಎರಡೂ ಕೂಡಿದ್ದು. ಹಲವು ಪುಸ್ತಕಗಳಲ್ಲಿ ವಯಸ್ಕರಿಗೆ ಮಾತ್ರ ಹೊಂದುವ ದೃಶ್ಯಗಳಿವೆ, ಆದರೆ ಹೊರಗಿನಿಂದ ನೋಡಿದರೆ ಚಾಕೊಲೇಟ್ ಡಬ್ಬಿಯ ಹಾಗಿರುತ್ತವೆ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಹದಿಹರೆಯದವರ ಕಪಾಟಿನಲ್ಲೇ ಬಂತು. 2020ರಲ್ಲಿ ಮುಖಪುಟ ಬದಲಿಸಿ ದೊಡ್ಡವರ ಪುಸ್ತಕವಾಗಿ ಮತ್ತೆ ತಂದರು. ನಡುವಿನ ಐದು ವರ್ಷ ಎಷ್ಟು ತಾಯಂದಿರಿಗೆ ನಿಮ್ಮ ಹಾಗೇ ಗೊಂದಲವಾಗಿರಬೇಕು! ಯಾವ ವಯಸ್ಸಿನವರಿಗೆ ಎಂದು ಹಿಂದುಗಡೆ ಒಂದು ಸಾಲು ಹಾಕಲು ಎಷ್ಟು ಖರ್ಚು?

ಹಾಗಂತ ಮಗಳ ಆಸೆಯನ್ನು ಗದರಿ ಮುಚ್ಚಬೇಡಿ. ಐನೂರು ಪುಟದ ಪುಸ್ತಕ ಬೇಕು ಎಂದು ಹಟ ಮಾಡುವ ಮಗು ಮನೆಯಲ್ಲಿದೆ, ಅದು ಸಂತೋಷದ ವಿಷಯ. ಅವಳ ವಯಸ್ಸಿಗೆ ಹೊಂದುವ ಡ್ರ್ಯಾಗನ್ ಕಥೆಗಳು ಬೇಕಾದಷ್ಟಿವೆ. ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿ ಆರಿಸಲು ಬಿಡಿ.

ಪ್ರಶ್ನೆ: ಕನ್ನಡದಲ್ಲಿ ಫ್ಯಾಂಟಸಿ ಯಾಕೆ ಇಲ್ಲ?
– ಧಾರವಾಡದ ಓದುಗರು

ಉತ್ತರ: ಕಥೆ ಇದೆ, ಹಣೆಪಟ್ಟಿ ಇಲ್ಲ. ನಾವು ನಾವೆಲ್‌ಗೆ ಏನೆನ್ನುತ್ತೇವೆ? ಕಾದಂಬರಿ. ಅದು ಏಳನೇ ಶತಮಾನದ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಕಥೆಯ ಹೆಸರು, ಅದರ ನಾಯಕಿಯ ಹೆಸರು. ಆ ಕಥೆ ಶುರುವಾಗುವುದು ಹೇಗೆ ಗೊತ್ತಾ? ಶೂದ್ರಕ ರಾಜನ ಆಸ್ಥಾನಕ್ಕೆ ಒಬ್ಬ ಹುಡುಗಿ ಪಂಜರದಲ್ಲಿ ಗಿಳಿ ತರುತ್ತಾಳೆ. ಗಿಳಿ ಬಲಗಾಲು ಎತ್ತಿ, ರಾಜನನ್ನು ಹೊಗಳಿ ಒಂದು ಪದ್ಯ ಹೇಳುತ್ತದೆ. ಆಮೇಲೆ ತನ್ನ ಕಥೆ ಹೇಳುತ್ತದೆ, ಆ ಕಥೆಯೊಳಗೆ ಇನ್ನೊಂದು ಕಥೆ, ಅದರೊಳಗೆ ಗಂಧರ್ವರು, ಶಾಪ, ಜನ್ಮದಿಂದ ಜನ್ಮಕ್ಕೆ ದಾಟಿ ಬರುವ ಪ್ರೀತಿ. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ ಎಂದು ಕನ್ನಡಕ್ಕೆ ತಂದ. ನಮ್ಮ ಭಾಷೆಯಲ್ಲಿ ಇವತ್ತು ಬರುವ ಪ್ರತಿ ನಾವೆಲ್ಲಿನ ಮೇಲೂ ಒಂದು ಫ್ಯಾಂಟಸಿಯ ಹೆಸರಿದೆ. ನನಗಂತೂ ಇದನ್ನು ನೆನೆದರೆ ಮೈ ಝುಂ ಅನ್ನುತ್ತದೆ.

ಈಚೆಗೆ ಬಂದರೆ ಚಂದ್ರಶೇಖರ ಕಂಬಾರರ ಶಿವಾಪುರ ಇದೆ. ನಾಟಕದಿಂದ ನಾಟಕಕ್ಕೆ, ಕಾದಂಬರಿಗೆ, ಮತ್ತೆ ಮತ್ತೆ ಬರುವ ಒಂದು ಕಲ್ಪನೆಯ ಊರು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಹಾವು ಗಂಡನ ರೂಪದಲ್ಲಿ ಮನೆಗೆ ಬರುತ್ತದೆ. ಇವನ್ನು ಜಾನಪದ ಎಂದೋ ರಂಗಭೂಮಿ ಎಂದೋ ಒಂದು ಕಡೆ ಇಡುತ್ತೇವೆ. ಹದಿನೇಳರ ಹುಡುಗ ಫ್ಯಾಂಟಸಿ ಕೇಳಿಕೊಂಡು ಅಂಗಡಿಗೆ ಬಂದರೆ ಅವನ ಕೈಗೆ ಇವನ್ನು ಯಾರೂ ಕೊಡುವುದಿಲ್ಲ. ಕೊಡಬೇಕು ಅನ್ನುವುದು ನನ್ನ ಆಸೆ. ಬೇಕಾದರೆ ಎರಡು ಕಡೆಯೂ ಒಂದೊಂದು ಪ್ರತಿ ಇಡಲಿ, ಏನಂತೆ?

ನಮ್ಮ ಪ್ರಕಾಶಕರಲ್ಲಿ ಇನ್ನೊಂದು ಕೋರಿಕೆ. ಮುನ್ನುಡಿಯನ್ನು ದಯವಿಟ್ಟು ಕೊನೆಗೆ ಹಾಕಿ. ದೊಡ್ಡವರೊಬ್ಬರು ಪ್ರೀತಿಯಿಂದ ಎಂಟು ಪುಟ ಬರೆದು, ಮಂತ್ರವಾದಿ ಯಾರು, ಸತ್ತವರು ಯಾರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಏನು ಉಳಿಯಿತು?

ಪ್ರಶ್ನೆ: ಮುಗಿಯದ ಸರಣಿಯನ್ನು ಶುರು ಮಾಡಬೇಕಾ, ಬೇಡವಾ? ಮನೆಯಲ್ಲಿ ದಿನಾ ಜಗಳ.
– ಮಂಗಳೂರಿನ ದಂಪತಿ

ಉತ್ತರ: ಮೊದಲು ನನ್ನ ಕಥೆ ಕೇಳಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಒಂದು ಪುಸ್ತಕ ಕೊಂಡೆ. ಮುಖಪುಟದಲ್ಲಿ, ಬೆನ್ನಲ್ಲಿ, ಎಲ್ಲೂ ‘ಭಾಗ ಒಂದು’ ಎಂದು ಇರಲಿಲ್ಲ. ಎರಡು ವಾರ ಓದಿದೆ. ರಾತ್ರಿ ಒಂದು ಗಂಟೆಗೆ ಕೊನೆಯ ಪುಟಕ್ಕೆ ಬಂದೆ, ನಾಯಕಿ ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದಾಳೆ. ಪುಟ ತಿರುವಿದರೆ ಖಾಲಿ ಹಾಳೆ. ಅದರ ಹಿಂದೆ ಮುಂದಿನ ಪುಸ್ತಕದ ಜಾಹೀರಾತು, ಬರುವುದು ಮುಂದಿನ ವರ್ಷ. ಪ್ರಕಾಶಕರ ಹೆಸರು ಬೇಡ. ಆದರೆ ಇದು ಮೋಸ. ವಾರಪತ್ರಿಕೆಯ ಧಾರಾವಾಹಿಗೆ ಕಾಯುವುದು ನಮಗೆ ಹೊಸದಲ್ಲ, ಕೆಳಗೆ ‘ಮುಂದುವರಿಯುವುದು’ ಎಂದು ಹಾಕುತ್ತಿದ್ದರಲ್ಲ. ಅಷ್ಟು ಹೇಳಿದರೆ ಸಾಕಿತ್ತು.

ಸರಣಿಗಳು ಇಷ್ಟು ಜಾಸ್ತಿ ಯಾಕೆ ಅಂದರೆ, ಮೊದಲನೆಯದು ಮೆಚ್ಚಿದವರು ಎರಡನೆಯದನ್ನು ಜಾಹೀರಾತಿಲ್ಲದೆ ಕೊಳ್ಳುತ್ತಾರೆ. ಮೂರು ಸಂಪುಟದ ರೂಢಿಗೆ ಎಲ್ಲರೂ ಟೋಲ್ಕಿನ್ ಕಡೆ ಕೈ ತೋರಿಸುತ್ತಾರೆ, ಆದರೆ ಅವರು ಬರೆದದ್ದು ಒಂದೇ ಪುಸ್ತಕ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಆ ವರ್ಷಗಳಲ್ಲಿ ಕಾಗದ ದುಬಾರಿಯಾಗಿದ್ದರಿಂದ ಪ್ರಕಾಶಕರು ಮೂರು ಮಾಡಿದರು.

ಈಗ ನಿಮ್ಮ ಜಗಳಕ್ಕೆ ಬರುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸರಣಿ 1996ರಲ್ಲಿ ಶುರುವಾಯಿತು, ಐದನೆಯ ಪುಸ್ತಕ 2011ರಲ್ಲಿ ಬಂತು, ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ರಾಬರ್ಟ್ ಜೋರ್ಡನ್ ‘ದಿ ವೀಲ್ ಆಫ್ ಟೈಮ್’ ಅನ್ನು 1990ರಲ್ಲಿ ಶುರು ಮಾಡಿದರು. ಮುಗಿಸುವ ಮುಂಚೆ, 2007ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್‌ಸನ್ ಬರೆದರು, 2013ರಲ್ಲಿ ಹದಿನಾಲ್ಕನೆಯ ಪುಸ್ತಕದೊಂದಿಗೆ ಅದು ಮುಗಿಯಿತು. ಮೇಲೆ ಹೇಳಿದ ಬಾಣಭಟ್ಟನಿಗೂ ಹೀಗೇ ಆಗಿತ್ತು, ‘ಕಾದಂಬರಿ’ಯನ್ನು ಅರ್ಧಕ್ಕೆ ಬಿಟ್ಟು ಹೋದ, ಮಗ ಕೂತು ಮುಗಿಸಿದ. ಹಾಗಾಗಿ ಮುಗಿಯದಿರುವುದು ಲೇಖಕರ ಅಪರಾಧ ಎಂದು ನಾನು ಹೇಳಲಾರೆ. ಮುಚ್ಚಿಡುವುದು ಮಾತ್ರ ಅಪರಾಧ. ಇದೇ ಸ್ಯಾಂಡರ್‌ಸನ್ ತಮ್ಮ ಯಾವ ಪುಸ್ತಕ ಶೇಕಡಾ ಎಷ್ಟು ಆಗಿದೆ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. 2022ರಲ್ಲಿ ಅವರು ಗುಟ್ಟಾಗಿ ಬರೆದಿಟ್ಟ ನಾಲ್ಕು ಕಾದಂಬರಿಗಳಿಗೆ ನೇರವಾಗಿ ಓದುಗರ ಹತ್ತಿರ ಹಣ ಕೇಳಿದಾಗ 4 ಕೋಟಿ ಡಾಲರಿಗೂ ಜಾಸ್ತಿ ಬಂತು. ಅಷ್ಟು ಹಣ ಬಂದದ್ದರಲ್ಲಿ ಆ ನಂಬಿಕೆಯದ್ದೇ ದೊಡ್ಡ ಪಾಲು ಎಂದು ನಾನು ತಿಳಿದಿದ್ದೇನೆ.

ಇಬ್ಬರಲ್ಲಿ ಕಾಯುವ ತಾಳ್ಮೆ ಇರುವವರು ಈಗಲೇ ಶುರು ಮಾಡಿ. ಇಲ್ಲದವರು ‘ದಿ ವೀಲ್ ಆಫ್ ಟೈಮ್’ ತಗೊಳ್ಳಿ, ಪೂರ್ತಿ ಸಿಗುತ್ತದೆ.

ಪ್ರಶ್ನೆ: ಒಂದೂ ಓದಿಲ್ಲ. ಯಾವುದರಿಂದ ಶುರು ಮಾಡಲಿ?
– ಚಳ್ಳಕೆರೆಯ ಓದುಗರು

ಉತ್ತರ: ‘ಎ ವಿಜರ್ಡ್ ಆಫ್ ಅರ್ಥ್‌ಸೀ’. ತೆಳ್ಳಗಿದೆ, ವಾರದಲ್ಲಿ ಮುಗಿಯುತ್ತದೆ. ಬೆನ್ನುಡಿಯಲ್ಲಿ ಮಾಂತ್ರಿಕ, ಡ್ರ್ಯಾಗನ್ ಎಂದೆಲ್ಲ ಇರುತ್ತದೆ. ಆದರೆ ಮೊದಲ ಪುಟಗಳಲ್ಲಿ ಇರುವವನು ಬೆಟ್ಟದ ಊರಲ್ಲಿ ಮೇಕೆ ಕಾಯುವ ಒಬ್ಬ ತಾಯಿಯಿಲ್ಲದ ಹುಡುಗ. ಗುಡಿಸಲಿನ ಮಾಡು ಹತ್ತಿದ ಮೇಕೆಯನ್ನು ಅವನ ತಾಯಿಯ ಸೋದರಿ ಏನೋ ಪದ ಹೇಳಿ ಇಳಿಸಿದ್ದನ್ನು ಕೇಳಿರುತ್ತಾನೆ. ಮರುದಿನ ಹುಲ್ಲುಗಾವಲಿನಲ್ಲಿ ತಾನೂ ಅದನ್ನೇ ಕೂಗುತ್ತಾನೆ, ಅರ್ಥ ಗೊತ್ತಿಲ್ಲ. ಮೇಕೆಗಳೆಲ್ಲ ಸದ್ದಿಲ್ಲದೆ ಬಂದು ಅವನನ್ನು ಸುತ್ತುವರಿಯುತ್ತವೆ, ಮೈಗೆ ಮೈ ಒತ್ತುತ್ತವೆ, ಓಡಿದರೆ ಜೊತೆಗೇ ಓಡುತ್ತವೆ, ಬಿಡುವುದೇ ಇಲ್ಲ. ಹುಡುಗ ಅಳುತ್ತಾ ಊರೊಳಗೆ ಬರುತ್ತಾನೆ, ಸುತ್ತ ಇಡೀ ಹಿಂಡು. ಮೇಕೆ ಮೇಯಿಸುವವರನ್ನು ದಿನಾ ನೋಡುವ ಊರು ನಿಮ್ಮದು, ಆ ಎರಡು ಪುಟ ಓದಿ ನನಗೊಂದು ಪತ್ರ ಬರೆಯಿರಿ.