ಮೊಡೆಮ್ ಉತ್ತರ ಅರ್ಧಕ್ಕೇ ತುಂಡಾಗುವುದೇಕೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಪಂಪ್‌ಶೆಡ್ ಮನೆಯಿಂದ ದೂರ, ತೋಡಿನ ಬದಿಯಲ್ಲಿದೆ. ಎಸ್‌ಎಂಎಸ್ ಕಳಿಸಿ ಪಂಪ್ ಚಾಲೂ ಮಾಡಲು ಆರ್ಡುಯಿನೋ ಊನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಸಿಮ್800ಎಲ್ ಎಂಬ ಮೊಬೈಲ್ ಮೊಡೆಮ್ ಜೋಡಿಸಿ, ಸಾಫ್ಟ್‌ವೇರ್‌ಸೀರಿಯಲ್ ಎಂಬ ಲೈಬ್ರರಿಯ (ಬೋರ್ಡಿನ ಸಾಮಾನ್ಯ ಪಿನ್‌ಗಳಲ್ಲಿ ಅಕ್ಷರಗಳನ್ನು ಕಳಿಸಿ ಪಡೆಯುವ ಸಿದ್ಧ ಪ್ರೋಗ್ರಾಂ) ಮೂಲಕ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಓದುತ್ತಿದ್ದೇನೆ. ‘ಎಟಿ’ ಎಂದು ಕಳಿಸಿದರೆ ‘ಓಕೆ’ ಬರುತ್ತದೆ. ಆದರೆ ಎಟಿ+ಸಿಎಂಜಿಆರ್=1 ಎಂಬ, ಸಂದೇಶ ಓದುವ ಆದೇಶ ಕೊಟ್ಟು, ಒಂದು ಸೆಕೆಂಡು ಡಿಲೇ (ಸುಮ್ಮನೆ ಕಾಯುವ ಆದೇಶ) ಇಟ್ಟು ಓದಿದಾಗ, ಕಳಿಸಿದವರ ನಂಬರು ಮತ್ತು ದಿನಾಂಕ ಸರಿಯಾಗಿ ಬಂದು ಸಮಯದ ಹತ್ತಿರ ಸಾಲು ತುಂಡಾಗುತ್ತದೆ; ‘ಆನ್’ ಎಂಬ ಸಂದೇಶ ಕಾಣುವುದೇ ಇಲ್ಲ. ಡಿಲೇಯನ್ನು ಐದು ಸೆಕೆಂಡಿಗೆ ಏರಿಸಿದರೂ ಅಷ್ಟೇ. ಮೊಡೆಮ್ ಕೆಟ್ಟಿದೆಯೇ?
— ಓದುಗರು, ಹಿರಿಯಡಕ

ಉತ್ತರ: ಮೊಡೆಮ್ ಕೆಟ್ಟಿಲ್ಲ. ಸಾಲು ಎಲ್ಲಿ ತುಂಡಾಗುತ್ತಿದೆ ಎಂಬುದರಲ್ಲೇ ಕಾರಣ ಅಡಗಿದೆ. ಸಾಫ್ಟ್‌ವೇರ್‌ಸೀರಿಯಲ್ ತನ್ನ ಬಳಿ ಇಟ್ಟುಕೊಳ್ಳುವ ಬಫರ್ (ಬಂದ ಅಕ್ಷರಗಳ ತಾತ್ಕಾಲಿಕ ಸಂಗ್ರಹ) 64 ಬೈಟ್‌ಗಳದ್ದು, ಅಂದರೆ 64 ಅಕ್ಷರಗಳಷ್ಟು. ಒಂದು ಅಕ್ಷರಕ್ಕೆ 10 ಬಿಟ್‌ನಂತೆ 9600 ವೇಗದಲ್ಲಿ ಸೆಕೆಂಡಿಗೆ 960 ಅಕ್ಷರಗಳು ಬರುವುದರಿಂದ ಆ ಬಫರ್ ಸುಮಾರು 67 ಮಿಲಿಸೆಕೆಂಡುಗಳಲ್ಲಿ ತುಂಬಿಹೋಗುತ್ತದೆ, ಮುಂದೆ ಬರುವ ಅಕ್ಷರಗಳು ಬಿದ್ದುಹೋಗುತ್ತವೆ. ನೀವು ಕಳಿಸಿದ ಆದೇಶವನ್ನು ಮೊಡೆಮ್ ಮೊದಲು ಮರಳಿ ಒಪ್ಪಿಸುತ್ತದೆ; ಅದರ ನಂತರ ಬರುವ ತಲೆಸಾಲು, ಅಂದರೆ ಸಂದೇಶದ ಸ್ಥಿತಿ, ನಂಬರು, ದಿನಾಂಕ, ಸಮಯ ಎಲ್ಲ ಸೇರಿ, ಸುಮಾರು 60 ಅಕ್ಷರ ಉದ್ದವಿರುತ್ತದೆ. ಹೀಗಾಗಿ ‘ಆನ್’ ಬರುವ ಹೊತ್ತಿಗೆ ಬಫರಿನಲ್ಲಿ ಜಾಗವೇ ಉಳಿದಿರುವುದಿಲ್ಲ. ಎಟಿಇ0 ಆದೇಶದಿಂದ ಮರಳಿ ಒಪ್ಪಿಸುವುದನ್ನು ನಿಲ್ಲಿಸಿದರೆ ಒಳ್ಳೆಯದೇ, ಆದರೆ ಅದೊಂದರಿಂದಲೇ ಸಂದೇಶ ಉಳಿಯದು.

ಗಡಿಯಾರ ನೋಡಿ ಕಾಯುವ ಬದಲು ಉತ್ತರದ ಕೊನೆಯನ್ನು ಗುರುತಿಸಿ ಕಾಯಬೇಕು. ಡಿಲೇಯನ್ನು ಪೂರ್ತಿ ತೆಗೆದುಹಾಕಿ, ಲೂಪಿನ ಪ್ರತಿ ಸುತ್ತಿನಲ್ಲೂ ಬಂದಷ್ಟು ಅಕ್ಷರಗಳನ್ನು ಆಗಿಂದಾಗಲೇ ಎತ್ತಿ 200 ಅಕ್ಷರ ಹಿಡಿಯುವ ಅರೇಗೆ (ಸಾಲಾಗಿ ಜೋಡಿಸಿದ ಖಾನೆಗಳಿಗೆ) ತುಂಬಿ, ಹೊಸಸಾಲಿನ ಗುರುತು ಬಂದೊಡನೆ ಒಂದು ಸಾಲು ಮುಗಿಯಿತೆಂದು ತಿಳಿಯಿರಿ. ಊನೋದಲ್ಲಿರುವ ರ‍್ಯಾಮ್ 2 ಕಿಲೋಬೈಟ್ ಮಾತ್ರ, ಆದ್ದರಿಂದ ಸ್ಟ್ರಿಂಗ್ ವಸ್ತುಗಳ (ಗಾತ್ರ ಬದಲಾಗುವ ಪಠ್ಯ ಸಂಗ್ರಹಗಳ) ಬದಲು ಅಕ್ಷರಗಳ ಅರೇಯೇ ಸೂಕ್ತ. ಸಾಲು ‘ಓಕೆ’ ಅಥವಾ ‘ಎರರ್’ ಎಂದಷ್ಟೇ ಇದ್ದರೆ, ಇಲ್ಲವೇ ‘+ಸಿಎಂಎಸ್ ಎರರ್’ ಎಂದು ಆರಂಭವಾದರೆ, ಉತ್ತರ ಮುಗಿಯಿತು. ಆದರೆ ಯಾರಾದರೂ ‘ಓಕೆ’ ಎಂದೇ ಎಸ್‌ಎಂಎಸ್ ಕಳಿಸಿಯಾರು, ಹಾಗಾಗಿ ತಲೆಸಾಲಿನ ಮರುಸಾಲನ್ನು ಸಂದೇಶವೆಂದೇ ಎಣಿಸಬೇಕು. ಎಸ್‌ಎಂಎಸ್ ಕಳಿಸುವಾಗ ಮೊಡೆಮ್ ಕೊಡುವ ‘>’ ಗುರುತಿನ ನಂತರ ಹೊಸಸಾಲು ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲಿಯೇ ಕಾಯುತ್ತ ನಿಲ್ಲುತ್ತದೆ. ಕಳಿಸಿದ್ದಕ್ಕೆ ಉತ್ತರ ತಡವಾಗಿ ಬರಬಹುದು, 60 ಸೆಕೆಂಡುಗಳ ಮಿತಿ ಇಟ್ಟುಕೊಳ್ಳಿ.

ನೀವು ಕೇಳದೆಯೂ ಮೊಡೆಮ್ ಮಾತನಾಡುತ್ತದೆ. ಹೊಸ ಸಂದೇಶ ಬಂದಾಗ ‘+ಸಿಎಂಟಿಐ’ ಸಾಲು, ಕರೆ ಬಂದಾಗ ‘ರಿಂಗ್’ ಯಾವ ಕ್ಷಣದಲ್ಲಾದರೂ ಬರುತ್ತವೆ. ಅವನ್ನು ಉತ್ತರವೆಂದು ಭ್ರಮಿಸದೆ ಗುರುತು ಹಾಕಿಕೊಂಡು, ಕೈಯಲ್ಲಿರುವ ಆದೇಶ ಮುಗಿದ ಮೇಲೆ ಓದಿರಿ. ಪಂಪ್ ಚಾಲೂ ಮಾಡುವ ಮುನ್ನ ಕಳಿಸಿದವರ ನಂಬರನ್ನು ಹೋಲಿಸಿ ನೋಡುವುದನ್ನು ದಯವಿಟ್ಟು ಬಿಡಬೇಡಿ. ತೋಟದಲ್ಲಿ ಯಾರಾದರೂ ಮೋಟಾರಿಗೆ ಕೈ ಹಾಕಿರುವ ಹೊತ್ತಿಗೆ ಅಪರಿಚಿತರ ಸಂದೇಶಕ್ಕೆ ಅದು ತಿರುಗಬಾರದು.

ಪ್ರಶ್ನೆ: ಎಸ್‌ಎಂಎಸ್ ಕಳಿಸುವ ಕ್ಷಣದಲ್ಲೇ ನನ್ನ ಸಿಮ್800ಎಲ್ ಮರುಚಾಲೂ ಆಗುತ್ತದೆ, ಉತ್ತರ ಬರುವುದಿಲ್ಲ.
— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಇದು ಪ್ರೋಗ್ರಾಮಿನ ದೋಷವಲ್ಲ. ರೇಡಿಯೋ ಪ್ರಸಾರದ ಕ್ಷಣಗಳಲ್ಲಿ ಈ ಮೊಡೆಮ್ 2 ಆಂಪಿಯರ್‌ವರೆಗೆ ವಿದ್ಯುತ್ ಎಳೆಯುತ್ತದೆ, ಅಷ್ಟನ್ನು ಆರ್ಡುಯಿನೋ ಬೋರ್ಡಿನ ಪಿನ್ ಕೊಡಲಾರದು. 3.4ರಿಂದ 4.4 ವೋಲ್ಟ್ ನಡುವಿನ ಪ್ರತ್ಯೇಕ ಪೂರೈಕೆ ಕೊಟ್ಟು, ಮೊಡೆಮ್‌ನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಆ ಪೂರೈಕೆ ಮತ್ತು ಆರ್ಡುಯಿನೋ ಎರಡರ ಗ್ರೌಂಡ್ ತಂತಿಗಳನ್ನು ಒಂದಾಗಿಸಿರಿ.