ಪ್ರತಿಕ್ರಿಯೆ: ಅಮ್ಮ ಮಿಸ್ ಮಾರ್ಪಲ್ ಪುಸ್ತಕ ಅರ್ಧಕ್ಕೇ ಬಿಟ್ರು, ಮುಂದೆ ಯಾವ್ದು ಕೊಡ್ಲಿ?

ಅಮ್ಮನಿಗೆ ಪತ್ತೇದಾರಿ ಕತೆ ಹಿಡಿಸ್ಲಿಲ್ಲ ಅಂತಲ್ಲ, ನೀವು ಶುರು ಮಾಡಿಸಿದ ಪುಸ್ತಕದ್ದೇ ತೊಂದ್ರೆ ಇರ್ಬೇಕು. 1930ರ 'ದ ಮರ್ಡರ್ ಅಟ್ ದ ವಿಕರೇಜ್' ಅಗಾಥಾ ಕ್ರಿಸ್ಟಿ ಬರೆದ, ಮಿಸ್ ಮಾರ್ಪಲ್ ಅನ್ನುವ ಪತ್ತೇದಾರಿ ಅಜ್ಜಿ ಇರುವ ಮೊದಲ ಕಾದಂಬರಿ ಹೌದು, ಆದ್ರೆ ಅದ್ರಲ್ಲಿ ಕತೆ ಹೇಳುದು ಪಾದ್ರಿ, ಅಜ್ಜಿ ಆಗಾಗ ಬಂದು ಹೋಗ್ತಾಳೆ ಅಷ್ಟೆ, ಮೇಲಿಂದ ರಾಶಿ ಹೆಸರು ಬೇರೆ.

ಅದನ್ನು ಸದ್ಯ ಕಪಾಟಲ್ಲಿ ಇಡಿ. ಮೊದ್ಲು 1932ರ 'ದ ಥರ್ಟೀನ್ ಪ್ರಾಬ್ಲಮ್ಸ್' ಕೊಡಿ, 13 ಸಣ್ಣ ಕತೆ, ಒಂದೊಂದು ಒಂದೇ ಕೂತಲ್ಲಿ ಮುಗೀತದೆ. ಮೊದಲ ಕತೆಯಲ್ಲೇ ದೊಡ್ಡ ದೊಡ್ಡ ಜನ ಕೂತು ಬಿಡಿಸಲಾಗದ ಕೇಸು ಯಾವ್ದುಂಟು ಅಂತ ಮಾತಾಡ್ತಿರುವಾಗ, ಕುರ್ಚಿಯಲ್ಲಿ ಹೆಣೀತಾ ಕೂತ ಅಜ್ಜಿ ಹೇಳುದು ಊರಿನ ಹೆಂಗಸೊಬ್ಬಳು ಅಂಗಡಿಯಿಂದ ತಂದ ಸಿಗಡಿ ದಾರಿಯಲ್ಲೇ ಕಾಣೆಯಾದ ಸುದ್ದಿ! ನನ್ನಮ್ಮ ನೀರ್ಚಾಲಿನ ಮನೆ ಜಗಲಿಯಲ್ಲಿ ಅಡಿಕೆ ಸುಲೀತಾ ಇದನ್ನು ಕೇಳಿ ಕತ್ತಿ ಕೆಳಗಿಟ್ಟು ನಕ್ಕದ್ದೇ ನಕ್ಕದ್ದು, ಯಾಕಂದ್ರೆ ನಮ್ಮ ಬೈಲಿನ ಅಜ್ಜಿಯಂದ್ರೂ ಯಾರ ಮನೆಗೆ ಯಾರು ಯಾಕೆ ಬಂದ್ರು ಅಂತ ಲೆಕ್ಕ ಇಡುದು ಹೀಗೇ, ಅವ್ರ ಮುಂದೆ ಯಾರೂ ಬಾಯಿ ಬಿಗಿ ಹಿಡಿಯುದಿಲ್ಲ ನೋಡಿ.

ಅಮ್ಮ ಓದ್ತಿರುವಾಗ ಉತ್ತರ ಬರುವ ಮೊದ್ಲು ನಿಲ್ಲಿಸಿ, ಅಪರಾಧಿ ಯಾರಿರ್ಬಹುದು ಅಂತ ಕೇಳಿ, ಇದನ್ನು ಮಾತ್ರ ತಪ್ಪಿಸ್ಬೇಡಿ. ನಾಲ್ಕೈದು ಕತೆ ಆದ್ಮೇಲೆ 1950ರ 'ಎ ಮರ್ಡರ್ ಈಸ್ ಅನೌನ್ಸ್ಡ್', ಇಂಥಾ ಹೊತ್ತಿಗೆ ಇಂಥಾ ಮನೇಲಿ ಕೊಲೆ ಉಂಟು ಅಂತ ಪೇಪರಲ್ಲಿ ಜಾಹೀರಾತು ಬರ್ತದೆ, ನೆರೆಕರೆಯವ್ರೆಲ್ಲ ಹೋಗ್ತಾರೆ. ಇದ್ರಲ್ಲೂ ಹೆಸರು ಜಾಸ್ತಿ, ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡಿ.

ಇಂಗ್ಲಿಷೇ ತೊಡಕಾದ್ರೆ ಇದ್ಯಾವ್ದೂ ನಡೀಲಿಕ್ಕಿಲ್ಲ, ಆಗ ನೀವೇ ರಾತ್ರಿ ಊಟ ಆದ್ಮೇಲೆ ದಿನಕ್ಕೊಂದು ಕತೆ ಕನ್ನಡದಲ್ಲಿ ಹೇಳಿ.