ಗೋಡೆಯನ್ನು ಬಿಟ್ಟ ಲೆಕ್ಕ

ಓದುಗರ ಪತ್ರ: ಪ್ರಯೋಗಾಲಯದ ಉಕ್ಕಿನ ಪಾತ್ರೆಯಲ್ಲಿ ಕಚ್ಚಾತೈಲದ ಒತ್ತಡವನ್ನು ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಅನಿಲದ ಗುಳ್ಳೆ ಏಳುತ್ತದೆ. ಅದೇ ತೈಲ ಶೇಲ್ ಶಿಲೆಯ ಸೂಕ್ಷ್ಮ ರಂಧ್ರದಲ್ಲಿದ್ದರೆ ಗುಳ್ಳೆ ಏಳಲು ಒತ್ತಡ ಇನ್ನೂ ಇಳಿಯಬೇಕು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ತೈಲದ ಗುಣ ತೈಲದ್ದೇ ಅಲ್ಲವೇ? ಅದರಲ್ಲಿ ಕಲ್ಲಿಗೇನು ಕೆಲಸ?

ಸಂಪಾದಕರ ಉತ್ತರ: ಆ ಕೊನೆಯ ಪ್ರಶ್ನೆಗಾಗಿಯೇ ನಿಮ್ಮ ಪತ್ರವನ್ನು ಆರಿಸಿಕೊಂಡೆ. ಪ್ರಶ್ನೆ ತಪ್ಪು, ಆದರೆ ಪ್ರಾಮಾಣಿಕವಾದ ತಪ್ಪು.

ನಿಮ್ಮ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಮರಳುಗಲ್ಲಿನ ರಂಧ್ರದ ತ್ರಿಜ್ಯ 10 ಮೈಕ್ರೋಮೀಟರ್, ತೈಲದ ಮೇಲ್ಮೈ ಎಳೆತ ಮೀಟರಿಗೆ 10 ಮಿಲಿನ್ಯೂಟನ್ ಎಂದಿಟ್ಟುಕೊಳ್ಳಿ. ಅನಿಲಕ್ಕೂ ದ್ರವಕ್ಕೂ ನಡುವಿನ ಒತ್ತಡದ ಅಂತರ ಒಂದು ವಾಯುಭಾರದ, ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದ, ಶೇಕಡಾ 2ರಷ್ಟು. ಮರೆತರೂ ನಷ್ಟವಿಲ್ಲ. ಅಲ್ಲಿ ಉಕ್ಕಿನ ಪಾತ್ರೆಯ ಅಳತೆ ಧಾರಾಳವಾಗಿ ಸಾಕು.

ಈಗ ತ್ರಿಜ್ಯವನ್ನು 5 ನ್ಯಾನೋಮೀಟರಿಗೆ, ಅಂದರೆ ಎರಡು ಸಾವಿರದ ಒಂದು ಪಾಲಿಗೆ, ಇಳಿಸಿ. ಶೇಲ್‌ನಲ್ಲಿ ಇಂಥ ರಂಧ್ರಗಳು ಹೇರಳ. ಅಂತರ ಒಮ್ಮೆಲೇ ಸುಮಾರು 40 ವಾಯುಭಾರ! ಗೋಡೆಯನ್ನು ತೋಯಿಸುವ ದ್ರವದ ಮೇಲ್ಮೈ ಬಾಗುತ್ತದೆ. ಬಾಗಿದ ಮೇಲ್ಮೈ ದ್ರವವನ್ನು ಎಳೆದು ಹಿಡಿಯುತ್ತದೆ. ಹಾಗಾಗಿ ಒತ್ತಡ ಸಾಕಷ್ಟು ಇಳಿದರೂ ಅನಿಲ ತೈಲದಲ್ಲಿ ಕರಗಿಯೇ ಉಳಿಯಬಹುದು. ಇದೇ ಕಾರಣಕ್ಕೆ ಆವಿಯೂ ತೆರೆದ ಪಾತ್ರೆಯಲ್ಲಿ ಹನಿಗಟ್ಟುವ ಒತ್ತಡಕ್ಕೆ ಮೊದಲೇ ರಂಧ್ರದಲ್ಲಿ ಹನಿಗಟ್ಟುತ್ತದೆ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಎಷ್ಟು ಕಿರಿದಾದ ಸಂದಿಯಲ್ಲಿ ಎಷ್ಟು ಒತ್ತಡಕ್ಕೆ ಆವಿ ಹನಿಗಟ್ಟುತ್ತದೆ ಎಂದು ಹೇಳುವ ಸೂತ್ರದ ಬೇರನ್ನು 1871ರಲ್ಲೇ ಕೊಟ್ಟಿದ್ದ. ಅದರ ಪ್ರಕಾರ ಕೋಣೆಯ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 50 ಇದ್ದರೂ ಸುಮಾರು 1.5 ನ್ಯಾನೋಮೀಟರ್ ತ್ರಿಜ್ಯದ ಸಂದಿಯಲ್ಲಿ ನೀರು ನಿಲ್ಲುತ್ತದೆ. ಕ್ಯಾಮೆರಾ ಪೆಟ್ಟಿಗೆಯಲ್ಲಿ ಇಟ್ಟುಕೊಡುವ ಸಿಲಿಕಾ ಜೆಲ್ ಪೊಟ್ಟಣ ತೇವವನ್ನು ಹೀರುವುದರಲ್ಲಿ ಇಂಥ ಸಂದಿಗಳ ಪಾಲೂ ಇದೆ.

ಇಷ್ಟು ಕಿರಿದಾದಲ್ಲಿ ಹಳೆಯ ಸೂತ್ರ ನಿಲ್ಲುತ್ತದೆಯೇ? ಫಿಶರ್ ಮತ್ತು ಇಸ್ರಾಯೆಲಾಶ್ವಿಲಿ 1979ರಲ್ಲಿ ಅಭ್ರಕದ ಹಾಳೆಗಳ ನಡುವೆ ಸೈಕ್ಲೋಹೆಕ್ಸೇನ್ ಎಂಬ ಹೈಡ್ರೋಕಾರ್ಬನ್ ದ್ರವ ಇಟ್ಟು ಪರೀಕ್ಷಿಸಿದರು. 4 ನ್ಯಾನೋಮೀಟರ್‌ವರೆಗೆ ಸೂತ್ರ ನಿಂತಿತು. 2020ರಲ್ಲಿ ಮ್ಯಾಂಚೆಸ್ಟರಿನ ಭೌತವಿಜ್ಞಾನಿ ಆಂದ್ರೆ ಗೈಮ್ ಅವರ ತಂಡ ಒಂದು ನ್ಯಾನೋಮೀಟರಿಗಿಂತಲೂ ಕಿರಿದಾದ ಸೀಳುಗಳಲ್ಲಿ ನೀರನ್ನು ಇಣುಕಿ ನೋಡಿತು. ಸೂತ್ರ ಅಲ್ಲೂ ಹೊಂದಿತು, ಆದರೆ ಅರ್ಧ ಅದೃಷ್ಟದಿಂದ: ಗೋಡೆಗಳೇ ತುಸು ಬಾಗಿಕೊಟ್ಟವು. ಕಲ್ಲಿಗೇನು ಕೆಲಸ ಎಂದಿರಲ್ಲ!

ಇನ್ನೂ ಒಂದು ಮಾತು. ನಿಮ್ಮ ಉಕ್ಕಿನ ಪಾತ್ರೆಗೆ ಬಂದ ತೈಲ ಯಾವುದು? ಕಲ್ಲು ಬಿಟ್ಟುಕೊಟ್ಟದ್ದು ಮಾತ್ರ. ಭಾರದ ಅಣುಗಳು ಗೋಡೆಗೆ ಹೆಚ್ಚು ಅಂಟಿಕೊಳ್ಳುತ್ತವೆ, ಹಗುರವಾದವು ಸುಲಭವಾಗಿ ಹೊರಬೀಳುತ್ತವೆ. ಊಟ ಮುಗಿಸಿ ಎದ್ದುಬಂದವರನ್ನಷ್ಟೇ ಎಣಿಸಿ ಪಂಕ್ತಿಯ ಲೆಕ್ಕ ಹೇಳಿದಂತಾಯಿತು.

ತಪ್ಪು ನಿಮ್ಮೊಬ್ಬರದಲ್ಲ. ಕುದಿಬಿಂದು ವಸ್ತುವಿನ ಹಣೆಬರಹ ಎಂಬಂತೆ ನಮಗೆಲ್ಲ ಬಾಯಿಪಾಠ ಮಾಡಿಸಿದರು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಅಂಕ ಒಂದು. ಎಷ್ಟು ಒತ್ತಡದಲ್ಲಿ, ಎಂಥ ಪಾತ್ರೆಯಲ್ಲಿ ಎಂದು ಕೇಳಿದವನಿಗೆ ಅಧಿಕಪ್ರಸಂಗಿ ಎಂಬ ಬಿರುದು. ಹಿಂದೊಮ್ಮೆ ಒಂದು ಪಠ್ಯಪುಸ್ತಕದ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ವಾಕ್ಯದ ಕೆಳಗೆ ಎರಡು ಸಾಲಿನ ಅಡಿಟಿಪ್ಪಣಿ ಬರೆದೆ. ಪುಟ ತುಂಬಿತು ಎಂದು ಪ್ರಕಾಶಕರು ಅದನ್ನು ಹೊಡೆದುಹಾಕಿದರು. ಮುಂದಿನ ಪುಟದಲ್ಲಿ ಕುದಿಯುವ ಕೆಟಲಿನ ಚಿತ್ರಕ್ಕೆ ಅರ್ಧ ಪುಟ ಕೊಟ್ಟಿದ್ದರು.